ಹನ್ನೆರಡನೆಯ ತಟ್ಟೆ

ಜಯನಗರದಲ್ಲಿ ನನಗೊಬ್ಬರು ಅಮ್ಮ ಇದ್ದರು, ಒಬ್ಬರು ಸಾರ್ ಇದ್ದರು. ಆ ಅಮ್ಮನಿಗೂ ಆ ಸಾರ್‌ಗೂ ಹುಟ್ಟದೇ ಇದ್ದ ಮಗಳು ನಾನು. ಮನೆಗೆ ಯಾರೇ ಬರಲಿ, ಸತ್ಯಭಾಮಮ್ಮನವರು ನನ್ನನ್ನು ತೋರಿಸಿ ಹೇಳುತ್ತಿದ್ದುದು ಒಂದೇ ಮಾತು. "ಇವಳು ಅಂಕಿತಾ ಅಂತ. ನಮ್ಮನೇಲೇ ಬೆಳೆದಿದ್ದು. ಕೆಲಸದವಳು ಅಂತ ನಾವು ಯಾವತ್ತೂ ಅಂದ್ಕೊಂಡೇ ಇಲ್ಲ. ಮಗಳ ಥರ."

ಆ 'ಥರ' ಎಂಬ ಎರಡಕ್ಷರದೊಳಗೆ ನಾನು ಹನ್ನೆರಡು ವರ್ಷ ವಾಸ ಮಾಡಿದೆ. ಅದಕ್ಕೆ ಕಿಟಕಿ ಇರಲಿಲ್ಲ. ಪಕ್ಕದಲ್ಲಿ ವಾಷಿಂಗ್ ಮಷೀನ್ ಇತ್ತು.

ನನ್ನ ಹೆಸರು ಅಂಕಿತಾ ಅಲ್ಲ, ಅಂಕಮ್ಮ. ಬಂದ ದಿನವೇ ಬದಲಾಯಿತು. "ಅಂಕಮ್ಮಾ ಅಂತ ಕೂಗಿದ್ರೆ ಬೀದಿಯವರು ಏನಂದ್ಕೊಳ್ತಾರೆ? ಅಂಕಿತಾ ಅಂತ ಕರೆಯೋಣ, ಸ್ವೀಟಾಗಿದೆ." ಚಪ್ಪಲಿಯ ಜೊತೆ ಹೆಸರನ್ನೂ ಬಾಗಿಲಲ್ಲೇ ಬಿಟ್ಟು ಒಳಗೆ ಬಂದೆ. ಆಗ ನನಗೆ ಹತ್ತು ವರ್ಷ.

ನನ್ನ ಅವ್ವ ನಾರಾಯಣಮ್ಮ ಗಾರೆ ಕೆಲಸದವಳು. ಆ ಮನೆಯ ಮೇಲೆ ಮಹಡಿ ಕಟ್ಟಿಸಿದಾಗ ಇಟ್ಟಿಗೆಗಳನ್ನು ತಲೆಯ ಮೇಲೆ ಹೊತ್ತು ಏರಿಸಿದವಳು. ಮಹಡಿ ಮುಗಿಯಿತು. ಅವ್ವ ಮುಂದಿನ ಕಟ್ಟಡಕ್ಕೆ ಹೊರಟಳು. ಸತ್ಯಭಾಮಮ್ಮ ಹೇಳಿದರು: "ಮಗೂನ ಶೆಡ್ಡಿಂದ ಶೆಡ್ಡಿಗೆ ಯಾಕೆ ಎಳ್ಕೊಂಡು ಹೋಗ್ತೀಯ? ಇಲ್ಲೇ ಬಿಡು, ಓದಿಸ್ತೀವಿ." ಅವ್ವ ಬಿಟ್ಟಳು. ಓದಿಸಿದರು ಕೂಡ. ಸುಳ್ಳು ಹೇಳಬಾರದು.

ಸಾರ್ ಅಂದರೆ ಅನಂತಪದ್ಮನಾಭರವರು. ರಿಟೈರಾಗಿದ್ದಾರೆ. ಬಹಳ ಮುಂದುವರಿದ ಮನುಷ್ಯ. ಕನ್ನಡಕ ಮೂಗಿನ ತುದಿಗೆ ಇಳಿಸಿ, ಎರಡು ಸಲ ಗಂಟಲು ಸರಿಮಾಡಿಕೊಂಡು, "ಸೀ, ಬೇಸಿಕಲಿ ಏನು ಅಂದ್ರೆ, ನಮ್ಮನೇಲಿ ಈ ಜಾತಿಗೀತಿ ಎಲ್ಲಾ ಇಲ್ಲ" ಎನ್ನುತ್ತಾರೆ. ಈ ಒಂದು ವಾಕ್ಯಕ್ಕೆ ನನಗೆ ಕಾಲೇಜಿನ ಮಿಮಿಕ್ರಿ ಸ್ಪರ್ಧೆಯಲ್ಲಿ ಮೊದಲ ಬಹುಮಾನ ಬಂತು. ಕಪ್ಪು ಮನೆಗೆ ತಂದಾಗ "ಯಾರ ಮಿಮಿಕ್ರಿ ಮಾಡ್ದೆ?" ಅಂದರು. "ದೊಡ್ಡವರದು ಸಾರ್" ಅಂದೆ. ಬೆನ್ನು ತಟ್ಟಲು ಕೈ ಎತ್ತಿದರು. ಎತ್ತಿದ ಕೈಯಲ್ಲೇ ಪೇಪರ್ ತೆಗೆದುಕೊಂಡರು.

ಜಾತಿ ಆ ಮನೆಯಲ್ಲಿ ನಿಜಕ್ಕೂ ಇರಲಿಲ್ಲ. ತಟ್ಟೆ ಇತ್ತು.

ಸತ್ಯಭಾಮಮ್ಮನವರ ಮದುವೆಗೆ ತವರಿನವರು ಕೊಟ್ಟ ಹನ್ನೆರಡು ಸ್ಟೀಲ್ ತಟ್ಟೆಗಳು. ಈಗಿನ ಕಾಗದದಂಥ ತಟ್ಟೆಗಳಲ್ಲ, ಬಿದ್ದರೆ ಕಾಲ್ಬೆರಳು ಮುರಿಯುವಂಥವು. ಪ್ರತಿಯೊಂದರ ಅಂಚಿನಲ್ಲಿ ಚುಕ್ಕಿ ಚುಕ್ಕಿಯಾಗಿ 'ಸತ್ಯಭಾಮಾ' ಎಂದು ಹೆಸರು ಕೊರೆಸಿದೆ. ಊಟದ ಹಾಲಿನ ಗೋಡೆಯ ಸ್ಟ್ಯಾಂಡಿನಲ್ಲಿ ಹನ್ನೆರಡೂ ಸಾಲಾಗಿ ನಿಂತಿದ್ದವು. ನಾನು ಬಂದ ದಿನ ಹೊಟ್ಟೆ ಹಸಿದಿತ್ತು. ಯಾರನ್ನೂ ಕೇಳಲಿಲ್ಲ. ಸ್ಟ್ಯಾಂಡಿನಿಂದ ಒಂದು ತಟ್ಟೆ ಎಳೆದುಕೊಂಡು ಪ್ರಕೃತಿಯ ಪಕ್ಕದಲ್ಲಿ ಕೂತುಬಿಟ್ಟೆ. ಪ್ರಕೃತಿ ಅವರ ಮಗಳು. ಥರ ಅಲ್ಲ, ಮಗಳು.

ಯಾರೂ ಬೈಯಲಿಲ್ಲ. ಅದೇ ಅವರ ದೊಡ್ಡತನ. ನನಗೆ ಅನ್ನ, ಸಾರು ಬಡಿಸಿದರು. ತಿಂದು ಮುಗಿಸುವವರೆಗೂ ಕಾದರು. ಆಮೇಲೆ ಸತ್ಯಭಾಮಮ್ಮ ಪ್ರಕೃತಿಯ ಉಗುರುಬಣ್ಣ ತಂದು, ನಾನು ತೊಳೆದಿಟ್ಟ ತಟ್ಟೆಯ ಬೆನ್ನಿಗೆ ಒಂದು ಕೆಂಪು ಬೊಟ್ಟಿಟ್ಟರು. "ಇನ್ಮೇಲೆ ಇದು ನಿನ್ನ ತಟ್ಟೆ ಪುಟ್ಟಾ. ನಿನಗೇ ಅಂತ ಸ್ಪೆಷಲ್. ಹಿಂದೆ ಸಿಂಕಿನ ಕೆಳಗೆ ಇಟ್ಕೋ."

ನನಗೆ ಖುಷಿಯೋ ಖುಷಿ. ಅವ್ವ ನೋಡಲು ಬಂದಾಗ ಓಡಿಹೋಗಿ ತೋರಿಸಿದೆ. ಅವ್ವ ತಟ್ಟೆ ನೋಡಿದಳು. ತಿರುಗಿಸಿ ಬೊಟ್ಟು ನೋಡಿದಳು. ನನ್ನ ಮುಖ ನೋಡಲಿಲ್ಲ.

ಅಂದಿನಿಂದ ಸ್ಟ್ಯಾಂಡಿನಲ್ಲಿ ಹನ್ನೊಂದು. ಸಿಂಕಿನ ಕೆಳಗೆ ಒಂದು.

ಕೆಲಸದ ವಿಷಯ ಹೇಳುವುದು ಬೇಡ ಅಂದುಕೊಂಡಿದ್ದೆ. ಮಗಳು ಮಾಡುವುದು ಕೆಲಸವಲ್ಲ, ಕರ್ತವ್ಯ. ಐದು ಗಂಟೆಗೆ ಎದ್ದು ಅಂಗಳ ತೊಳೆಯುತ್ತಿದ್ದೆ. ಪಾತ್ರೆ, ನೆಲ, ಬಟ್ಟೆ, ಮೂರು ಬಚ್ಚಲು. ಚಳಿಗಾಲದಲ್ಲಿ ಬೆರಳ ಸಂದಿ ಒಡೆದು ರಕ್ತ ಬರುತ್ತಿತ್ತು. ಪಾತ್ರೆ ಉಜ್ಜಿದ ಕೈಯಲ್ಲೇ ಪರೀಕ್ಷೆ ಬರೆಯುತ್ತಿದ್ದೆ. ನಾನು ತೊಳೆದ ಪಾತ್ರೆಗಳ ಮೇಲೆ ಸತ್ಯಭಾಮಮ್ಮ ಮೂರು ಸಲ ನೀರು ಚಿಮುಕಿಸಿ ಒಳಗೆ ತೆಗೆದುಕೊಳ್ಳುತ್ತಿದ್ದರು. ಒಲೆಯ ಹತ್ತಿರ ನಾನು ಹೋಗುವಂತಿರಲಿಲ್ಲ. "ಗ್ಯಾಸು ಪುಟ್ಟಾ, ಡೇಂಜರ್." ನನಗೆ ಇಪ್ಪತ್ತೆರಡಾದರೂ ಆ ಗ್ಯಾಸಿನ ಅಪಾಯ ಕಡಿಮೆಯಾಗಲಿಲ್ಲ.

ಸಾರ್ ಅವರ ತಾಯಿ ಮೂರು ವರ್ಷ ಹಾಸಿಗೆ ಹಿಡಿದಿದ್ದರು. ಅವರನ್ನು ಎತ್ತಿದ್ದು, ಮಗ್ಗುಲು ಬದಲಿಸಿದ್ದು, ಹೇಲು ಬಳಿದದ್ದು ಈ ಕೈ. ಆಗ ಈ ಕೈಗೆ ಜಾತಿ ಇರಲಿಲ್ಲ. ಅಜ್ಜಿ "ನೀರು" ಎಂದಾಗ ವಾಪಸ್ ಬರುತ್ತಿತ್ತು. ನೀರು ಕುಡಿಸಲು ಸತ್ಯಭಾಮಮ್ಮನನ್ನು ಕರೆಯಬೇಕಿತ್ತು. ಅವರು ಸೀರಿಯಲ್ ನೋಡುತ್ತಿದ್ದರೆ ಅಜ್ಜಿ ಜಾಹೀರಾತು ಬರುವವರೆಗೂ ಬಾಯಾರಿ ಮಲಗಿರುತ್ತಿದ್ದರು.

ಎಸ್ಸೆಸ್ಸೆಲ್ಸಿ ಪಾಸಾದೆ. ಪಿಯುಸಿ ಪಾಸಾದೆ. ಸಂಜೆ ಕಾಲೇಜಿನಲ್ಲಿ ಬಿ.ಎ. ಮುಗಿಸಿದೆ. ಪ್ರತಿ ಸಲ ಅಂಕಮ್ಮನ ಅಂಕಪಟ್ಟಿ ಬಂದಾಗ ಸತ್ಯಭಾಮಮ್ಮ ಅದನ್ನು ಕಣ್ಣಿಗೊತ್ತಿಕೊಂಡು ಬೀರುವಿನಲ್ಲಿಟ್ಟು ಬೀಗ ಹಾಕುತ್ತಿದ್ದರು. "ಹಿಂದೆ ನೀರು ಬೀಳುತ್ತೆ. ಇಲ್ಲಿ ಸೇಫಾಗಿರ್ಲಿ." ಹೀಗಾಗಿ ನನ್ನ ಹೆಸರಿದ್ದ ಕಾಗದಗಳು ಅವರ ಬೀರುವಿನಲ್ಲಿದ್ದವು. ಅವರ ಹೆಸರಿದ್ದ ತಟ್ಟೆ ನನ್ನ ಸಿಂಕಿನ ಕೆಳಗಿತ್ತು.

ಹೋದ ವರ್ಷ ಪ್ರಕೃತಿ ಮನೆ ಬಿಟ್ಟಳು. ಜಗಳವಾಡಿ ಅಲ್ಲ. ಜೆ.ಪಿ. ನಗರದಲ್ಲಿ ಗೆಳತಿಯರ ಜೊತೆ ಫ್ಲ್ಯಾಟ್. "ಐ ನೀಡ್ ಮೈ ಸ್ಪೇಸ್ ಮಮ್ಮಿ." ಅವಳಿಗೆ ಇಪ್ಪತ್ತಮೂರು. ಟೆಂಪೋ ಬಂತು. ಮಂಚ, ಬೀನ್ ಬ್ಯಾಗು, ಬಾರಿಸದ ಗಿಟಾರು, ಆರನೇ ಕ್ಲಾಸಿನ ನೋಟ್‌ಬುಕ್ಕುಗಳು, ಕಿವಿ ಹರಿದ ಟೆಡ್ಡಿ ಬೇರ್. ಮೂರು ಟ್ರಿಪ್ಪು. ಹೊತ್ತು ಏರಿಸಿದವಳು ನಾನೇ. ಸತ್ಯಭಾಮಮ್ಮ ಅಳುತ್ತಾ ಹಿಂದೆ ಓಡಾಡುತ್ತಿದ್ದರು. "ಮಗಳೇ, ಹಾಸಿಗೆ ತಗೊಂಡ್ಯಾ? ಕುಕ್ಕರ್ ತಗೋ. ಇದೂ ತಗೋ, ನಿನ್ನ ಬಾಲ್ಯದ್ದು." ಮಕ್ಕಳು ಮನೆ ಬಿಡುವಾಗ ಅವರ ಸಾಮಾನು ಅವರ ಜೊತೆ ಹೋಗುತ್ತದೆ ಎಂದು ನಾನು ಕಲಿತದ್ದು ಅಂದೇ. ತಪ್ಪು ಪಾಠ. ನನ್ನ ಸಿಲೆಬಸ್ಸು ಬೇರೆ ಇತ್ತು.

ಅವ್ವ ತೀರಿಹೋಗಿ ಎರಡು ವರ್ಷ. ಅವಳ ಒಂದು ಸೀರೆ ನನ್ನ ಹತ್ತಿರ ಇತ್ತು. ಹಸಿರು ಮೈ, ಅರಿಸಿನದ ಅಂಚು. ಕವರಿನಲ್ಲಿ ಸುತ್ತಿ ಚಾಪೆಯ ಕೆಳಗೆ ಇಟ್ಟಿದ್ದೆ. ಈ ಯುಗಾದಿಯ ಹಿಂದಿನ ದಿನ ಅಂಗಡಿಯಿಂದ ಬಂದಾಗ ಸತ್ಯಭಾಮಮ್ಮ ನೆಲ ಒರೆಸಲು ಹೊಸ ಬಟ್ಟೆ ಕೊಟ್ಟರು. ಹಸಿರು ಮೈ, ಅರಿಸಿನದ ಅಂಚು. ನಾಲ್ಕು ತುಂಡು.

"ಅಯ್ಯೋ, ಅದು ನಿಂದಾ? ಹಳೇ ಬಟ್ಟೆ ಅಂದ್ಕೊಂಡೆ ಕಣೇ."

ನಾನು ನೆಲ ಒರೆಸಿದೆ. ಹಾಲು, ರೂಮು, ವರಾಂಡ. ಇನ್ನೊಂದು ತುಂಡು ಒಲೆ ಒರೆಸಲು ಅಡುಗೆಮನೆಗೆ ಹೋಯಿತು. ಬದುಕಿದ್ದಾಗ ಹೋಗದ ಜಾಗಕ್ಕೆ ಅವ್ವ ಸತ್ತ ಮೇಲೆ ಹೋದಳು. ಅವತ್ತು ನಾನು ಕೆಲಸ ಹುಡುಕಲು ಶುರು ಮಾಡಿದೆ.

ಮೇ ತಿಂಗಳಲ್ಲಿ ಸಿಕ್ಕಿತು. ಪದ್ಮನಾಭನಗರದ ಟ್ಯೂಷನ್ ಸೆಂಟರಿನಲ್ಲಿ ಮಕ್ಕಳಿಗೆ ಕನ್ನಡ, ಸಮಾಜ ಹೇಳಿಕೊಡುವುದು. ಸೋಮವಾರ ಬೆಳಗ್ಗೆ ಹತ್ತಕ್ಕೆ ಮಾರ್ಕ್ಸ್ ಕಾರ್ಡುಗಳ ಒರಿಜಿನಲ್ ತರಬೇಕು, ಇಲ್ಲದಿದ್ದರೆ ಬೇರೆಯವರನ್ನು ತೆಗೆದುಕೊಳ್ಳುತ್ತೇವೆ ಎಂದರು. ಇಟ್ಟಮಡುವಿನಲ್ಲಿ ಗೆಳತಿ ಮಧುಶ್ರೀಯ ರೂಮಿನಲ್ಲಿ ಜಾಗ ಆಯಿತು. ಅನಂತಪದ್ಮನಾಭರ ಮನೆಯಿಂದ ಪದ್ಮನಾಭನಗರಕ್ಕೆ. 'ಅನಂತ' ಒಂದನ್ನು ಕೈಬಿಟ್ಟರೆ ಸಾಕಿತ್ತು. ಶನಿವಾರ ಸಂಜೆ ಹೇಳಿದೆ.

ಸತ್ಯಭಾಮಮ್ಮ ಹೂಬತ್ತಿ ಹೊಸೆಯುತ್ತಿದ್ದರು. "ಹೊರಡ್ತೀಯಾ? ಅಂದ್ರೆ? ಮತ್ತೆ ಪಾತ್ರೆ?"

ಮಗಳು ಮನೆ ಬಿಡುತ್ತೇನೆ ಎಂದಾಗ ತಾಯಿಯ ಕರುಳಿನಿಂದ ಬಂದ ಮೊದಲ ಮಾತು.

ಸಾರ್ ಕನ್ನಡಕ ಇಳಿಸಿದರು. ಎರಡು ಸಲ ಗಂಟಲು ಸರಿಮಾಡಿಕೊಂಡರು. "ಸೀ ಅಂಕಿತಾ, ಬೇಸಿಕಲಿ ಏನು ಅಂದ್ರೆ, ನಿಂಗಿಲ್ಲಿ ಏನು ಕಮ್ಮಿ ಮಾಡಿದೀವಿ?"

"ಏನೂ ಕಮ್ಮಿ ಇಲ್ಲ ಸಾರ್. ಬೀರು ತೆಗೆದ್ರೆ ನನ್ನ ಸಾಮಾನು ತಗೊಂಡು ಹೊರಡ್ತೀನಿ."

"ನಿನ್ನ ಸಾಮಾನಾ?" ಸತ್ಯಭಾಮಮ್ಮ ಬತ್ತಿ ಕೆಳಗಿಟ್ಟರು. "ನಿಂದು ಅಂತ ಏನಿದೆಯೇ ಇಲ್ಲಿ? ಹಾಕ್ಕೊಂಡಿರೋ ಚೂಡಿದಾರ ಪ್ರಕೃತೀದು. ಬ್ಯಾಗು ಪ್ರಕೃತೀದು. ಫೋನು ಪ್ರಕೃತೀದು. ಹೋಗೋದಾದ್ರೆ ಉಟ್ಟ ಬಟ್ಟೇಲಿ ಹೋಗು. ಅದೂ ನಮ್ದೇ, ಹೋಗ್ಲಿ ಇಟ್ಕೋ."

"ಮಾರ್ಕ್ಸ್ ಕಾರ್ಡಲ್ಲಿ ನನ್ನ ಹೆಸರಿದೆ ಅಮ್ಮಾ."

"ಹೆಸರಿದ್ರೆ ನಿಂದಾಗ್ಬಿಡುತ್ತಾ? ಪರೀಕ್ಷೆ ಬರೆದ ಪೆನ್ನು ಯಾರ್ದು?"

"ಸೀ, ನೀನಿನ್ನೂ ಚಿಕ್ಕವಳು," ಸಾರ್ ಸಮಾಧಾನಕ್ಕೆ ಬಂದರು. "ಇನ್ನೆರಡು ವರ್ಷ ಇರು. ನಾವೇ ಒಂದು ಒಳ್ಳೆ ಕಡೆ ಸೇರಿಸ್ತೀವಿ. ಅಲ್ಲೀವರ್ಗೂ ಸರ್ಟಿಫಿಕೇಟ್ ಸೇಫಾಗಿರುತ್ತೆ."

"ಇಪ್ಪತ್ತೆರಡು ವರ್ಷ ಸಾರ್ ನನಗೆ. ಓಟು ಹಾಕಿದೀನಿ."

"ಅದಕ್ಕೂ ನಮ್ಮ ಕಾರಲ್ಲೇ ಹೋಗಿದ್ದು ನೀನು."

ಮಾತು ಮುಗಿಯಿತು. ಬೀಗದ ಕೈ ಸತ್ಯಭಾಮಮ್ಮನ ಸೊಂಟದಲ್ಲಿತ್ತು, ಅಲ್ಲೇ ಉಳಿಯಿತು. ನಾನು ಹೋಗಿ ರಾತ್ರಿಯ ಪಾತ್ರೆ ತೊಳೆದೆ. ಅಭ್ಯಾಸ.

ಭಾನುವಾರ ಬೆಳಗ್ಗೆ ಹಗ್ಗದ ಮೇಲಿದ್ದ ಅವ್ವನ ಮೂರು ತುಂಡುಗಳನ್ನು ತೆಗೆದು ಮಡಚಿದೆ. ನಾಲ್ಕನೆಯದನ್ನು ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿದೆ. ಎಸೆದರು. ಹಿಡಿದುಕೊಂಡೆ. ನಾಲ್ಕನ್ನೂ ಕವರಿನಲ್ಲಿ ಹಾಕುವಾಗ ಯಾರೂ ತಡೆಯಲಿಲ್ಲ. ಒರೆಸುವ ಬಟ್ಟೆ ಹೇಗೂ ಪ್ರಕೃತಿಯದಲ್ಲವಲ್ಲ.

"ಹಾಂ, ಮರೀಬೇಡ," ಸತ್ಯಭಾಮಮ್ಮ ಉಪ್ಪಿಟ್ಟಿಗೆ ಒಗ್ಗರಣೆ ಹಾಕುತ್ತಾ ಒಳಗಿನಿಂದಲೇ ಹೇಳಿದರು. "ನಿನ್ನ ತಟ್ಟೆ ತಗೊಂಡು ಹೋಗು. ಅದು ಇಲ್ಲಿ ಯಾರಿಗೂ ಬೇಡ. ಅದು ನಿಂದೇ."

ಸಿಂಕಿನ ಮುಂದೆ ಕುಕ್ಕರಗಾಲಲ್ಲಿ ಕೂತೆ. ತಟ್ಟೆಯನ್ನು ಮಡಿಲಲ್ಲಿಟ್ಟುಕೊಂಡೆ. ಹನ್ನೆರಡು ವರ್ಷಕ್ಕೆ ನನ್ನದು ಅಂತ ಅವರೇ ಒಪ್ಪಿಕೊಂಡ ಒಂದೇ ಒಂದು ಆಸ್ತಿ. ತಿರುಗಿಸಿದೆ. ಕೆಂಪು ಬೊಟ್ಟು. ಮಾಸಿದಾಗಲೆಲ್ಲಾ ಹೊಸದಾಗಿ ಹಚ್ಚಿ ಹಚ್ಚಿ ಒಣಗಿದ ಗಾಯದ ಹಕ್ಕಳೆಯಂತೆ ದಪ್ಪಗಾಗಿತ್ತು.

ಇಲ್ಲ, ಅಂದುಕೊಂಡೆ. ಇದನ್ನು ಹೊತ್ತುಕೊಂಡು ಹೋಗುವುದಿಲ್ಲ.

ಉಗುರಿನಿಂದ ಕೆರೆದೆ. ನಾರು ತೆಗೆದುಕೊಂಡು ಉಜ್ಜಿದೆ. ಉಜ್ಜುವುದನ್ನು ನನಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಬೆರಳ ತುದಿ ಉರಿಯುವವರೆಗೂ ಉಜ್ಜಿದೆ. ಬೊಟ್ಟು ಹೋಯಿತು. ತಟ್ಟೆ ಒರೆಸಿದೆ. ಸತ್ಯಭಾಮಮ್ಮನಂತೆಯೇ ಸೆರಗಿಲ್ಲದಿದ್ದರೂ ಸೆರಗು ಸಿಕ್ಕಿಸಿಕೊಂಡು, ತುಟಿ ಕೊಂಕಿಸಿ, ಮೂರು ಸಲ ನೀರು ಚಿಮುಕಿಸಿದೆ. ಶಾಸ್ತ್ರ ಬಿಡಬಾರದು. ಸೀದಾ ಊಟದ ಹಾಲಿಗೆ ನಡೆದೆ. ಸ್ಟ್ಯಾಂಡಿನ ಹನ್ನೊಂದು ತಟ್ಟೆಗಳನ್ನೂ ಮೇಜಿನ ಮೇಲೆ ಇಳಿಸಿದೆ. ನನ್ನದನ್ನು ನಡುವೆ ತುರುಕಿದೆ. ಕಣ್ಣು ಮುಚ್ಚಿಕೊಂಡು ಇಸ್ಪೀಟಿನಂತೆ ಮೇಲೆ ಕೆಳಗೆ ಕಲೆಸಿದೆ. ಒಂದೊಂದಾಗಿ ವಾಪಸ್ ನಿಲ್ಲಿಸಿದೆ.

ಸಾರ್ ಪೇಪರಿನ ಹಿಂದಿನಿಂದ ಕೇಳಿದರು. "ಏನದು ಸದ್ದು?"

"ಸೆಟ್ ಪೂರ್ತಿ ಮಾಡ್ದೆ ಸಾರ್. ಹನ್ನೆರಡು."

ಸತ್ಯಭಾಮಮ್ಮ ಸೌಟು ಹಿಡಿದುಕೊಂಡೇ ಓಡಿಬಂದರು. ಸ್ಟ್ಯಾಂಡ್ ನೋಡಿದರು. ಎಣಿಸಿದರು. ಒಂದೊಂದರ ಬೆನ್ನನ್ನೂ ಬಗ್ಗಿ ನೋಡಿದರು. "ಯಾವ್ದೇ? ಯಾವ್ದು ನಿಂದು?"

"ಎಲ್ಲದರ ಮೇಲೂ ನಿಮ್ಮ ಹೆಸರೇ ಇದೆ ಅಮ್ಮಾ. ಹೆಸರಿದ್ರೆ ನಮ್ದಾಗಲ್ಲ ಅಂತ ನಿನ್ನೆ ತಾನೇ ಹೇಳಿದ್ರಿ."

"ತಾಯಿ ಮನೆ ತಟ್ಟೆ ಕಣೇ ಅವು!"

"ಸತ್ಯಾ, ಸತ್ಯಾ," ಸಾರ್ ಎದ್ದು ಬಂದರು. "ಸೀ, ಬೇಸಿಕಲಿ ಸ್ಟೀಲು. ಸ್ಟೀಲಿಗೆ ಏನೂ ಅಂಟಲ್ಲ. ಸೈನ್ಸು. ನೀರು ಹಾಕಿದ್ರೆ ಮುಗೀತು."

"ತೊಳೆದ ತಟ್ಟೆ ಬೇರೆ, ಉಂಡ ತಟ್ಟೆ ಬೇರೆ. ಅಷ್ಟು ಸೈನ್ಸಿದ್ರೆ ಒಂದು ತಗೊಳ್ಳಿ, ಉಪ್ಪಿಟ್ಟು ಹಾಕ್ತೀನಿ, ತಿನ್ನಿ."

ಸಾರ್ ತಟ್ಟೆಗಳನ್ನು ನೋಡಿದರು. ಎರಡು ಸಲ ಗಂಟಲು ಸರಿಮಾಡಿಕೊಂಡರು. "ನಂಗೆ ಯಾಕೋ ಇವತ್ತು ಗ್ಯಾಸ್ಟ್ರಿಕ್ಕು."

ನಾನು ನಗಲಿಲ್ಲ. "ಯಾವ್ದು ಅಂತ ತೋರಿಸ್ತೀನಿ ಅಮ್ಮಾ," ಅಂದೆ. "ಬೀರು ತೆಗೀರಿ. ನನ್ನ ಹೆಸರಿರೋದೆಲ್ಲಾ ನನಗೆ ಕೊಡಿ."

"ಬ್ಲ್ಯಾಕ್‌ಮೇಲಾ? ಸಾಕಿ ಸಲಹಿದವರಿಗೆ?"

ಅಷ್ಟರಲ್ಲಿ ಮಹಡಿ ಮೆಟ್ಟಿಲು ಇಳಿದು ಲತಾಮಣಿ ಆಂಟಿ ಬಂದರು. ಮೇಲಿನ ಮನೆಯ ಬಾಡಿಗೆಯವರು. ನನ್ನ ಅವ್ವ ಹೊತ್ತ ಇಟ್ಟಿಗೆಗಳೊಳಗೆ ಎಂಟು ವರ್ಷದಿಂದ ಇದ್ದಾರೆ. ಕೈಯಲ್ಲಿ ಖಾಲಿ ಬಟ್ಟಲು. "ಸತ್ಯಾ, ಒಂಚೂರು ಮೊಸರು ಇದ್ರೆ ಹೆಪ್ಪಿಗೆ ಕೊಡ್ರೀ. ಅಯ್ಯೋ, ಏನು ಘಮ ಅಂತೀರಿ, ಉಪ್ಪಿಟ್ಟಾ? ಮೇಲೀವರ್ಗೂ ಬಂತು ವಾಸನೆ."

"ಕೂತ್ಕೊಳ್ಳಿ ಆಂಟಿ, ತಿಂದ್ಕೊಂಡು ಹೋಗಿ," ಅಂದೆ.

ಆಂಟಿಗೆ ಎರಡನೇ ಸಲ ಹೇಳಬೇಕಿಲ್ಲ. ಸೀದಾ ಸ್ಟ್ಯಾಂಡಿಗೆ ಕೈ ಹಾಕಿದರು.

"ಅದು ಬೇಡ!" ಸತ್ಯಭಾಮಮ್ಮ ಕಿರುಚಿದರು.

ಆಂಟಿ ಬೆಚ್ಚಿ ಬಿಟ್ಟರು. "ಯಾಕ್ರೀ?"

"ಅದು, ಸರಿಯಾಗಿ ತೊಳೆದಿಲ್ಲ."

ಆಂಟಿ ಪಕ್ಕದ್ದನ್ನು ಎಳೆದರು.

"ಅದೂ ಬೇಡ!"

"ಇದು?"

"ಬೇಡ ಅಂದ್ನಲ್ಲ!"

"ಏನ್ರೀ ಇದು, ಬಸ್ ಸೀಟಾ, ಕರ್ಚೀಫ್ ಹಾಕಿಟ್ಟಿದೀರಾ?" ಆಂಟಿ ನನ್ನ ಕಡೆ ತಿರುಗಿದರು. "ಅಂಕಿತಾ, ನೀನೇ ಹೇಳಮ್ಮಾ, ಯಾವ್ದು ತಗೊಳ್ಲಿ?"

"ಯಾವ್ದಾದ್ರೂ ತಗೊಳ್ಳಿ ಆಂಟಿ. ಇವುಗಳಲ್ಲಿ ಒಂದರಲ್ಲಿ ನಾನು ಹನ್ನೆರಡು ವರ್ಷ ಊಟ ಮಾಡಿದೀನಿ. ಯಾವ್ದು ಅಂತ ಅಮ್ಮಂಗೆ ಗೊತ್ತಾಗ್ತಿಲ್ಲ. ಅದಕ್ಕೆ ಗಾಬರಿ."

"ಅದಕ್ಯಾಕೆ ಗಾಬರಿ?" ಲತಾಮಣಿ ಆಂಟಿ ಸತ್ಯಭಾಮಮ್ಮನನ್ನು ನೋಡಿದರು. "ನೀನು ಮನೆ ಮಗಳ ಥರ ಅಲ್ವಾ?"

ಸತ್ಯಭಾಮಮ್ಮ ಸೌಟನ್ನು ಈ ಕೈಯಿಂದ ಆ ಕೈಗೆ ಬದಲಿಸಿದರು. ಹೌದು ಅಂದರೆ ಆಂಟಿ ತಟ್ಟೆ ಎತ್ತಿಕೊಳ್ಳುತ್ತಾರೆ. ಅಲ್ಲ ಅಂದರೆ ಎಂಟು ವರ್ಷದಿಂದ ಮಹಡಿಯವರೆಗೂ ಹರಡಿದ ಹೆಸರು ಹೋಗುತ್ತದೆ. ಸಾರ್ ಪೇಪರನ್ನು ತಲೆಕೆಳಗಾಗಿ ಓದುತ್ತಿದ್ದರು.

ಸೊಂಟದಿಂದ ಬೀಗದ ಕೈ ಹೊರಬಂತು. ಬೀರು ಕಿರುಗುಟ್ಟಿತು. ನೀಲಿ ಫೈಲು ಮೇಜಿನ ಮೇಲೆ ಬಿತ್ತು. ತೆರೆದು ನೋಡಿದೆ. ಎಸ್ಸೆಸ್ಸೆಲ್ಸಿ, ಪಿಯುಸಿ, ಬಿ.ಎ., ಆಧಾರ್. ಎಲ್ಲದರ ಮೇಲೂ ಅಂಕಮ್ಮ. ಎಲ್ಲೂ ಅಂಕಿತಾ ಇರಲಿಲ್ಲ. ಫೋನನ್ನೂ ಬ್ಯಾಗನ್ನೂ ಮೇಜಿನ ಮೇಲಿಟ್ಟೆ. ಪ್ರಕೃತಿಯದು ಪ್ರಕೃತಿಗೆ.

"ಈಗ ತೋರ್ಸು," ಸತ್ಯಭಾಮಮ್ಮ ಹಲ್ಲು ಕಚ್ಚಿ ಪಿಸುಗುಟ್ಟಿದರು.

ನಾನು ಸ್ಟ್ಯಾಂಡಿನ ಮುಂದೆ ನಿಂತೆ. ಹನ್ನೆರಡು ತಟ್ಟೆ. ಒಂದೇ ತೂಕ, ಒಂದೇ ಹೆಸರು, ಹನ್ನೆರಡು ವರ್ಷ ಒಂದೇ ಕೈ ಉಜ್ಜಿದ ಒಂದೇ ಹೊಳಪು. ಎಡದಿಂದ ನಾಲ್ಕನೆಯದನ್ನು ಎಳೆದೆ.

"ಇದು."

ಅವರ ಎದೆಯಿಂದ ಉಸಿರು ಹೊರಬಂದದ್ದು ಕೇಳಿಸಿತು. "ತಗೊಂಡು ಹೋಗು."

ಕವರಿನಲ್ಲಿ ಅವ್ವನ ನಾಲ್ಕು ತುಂಡು, ಮೇಲೆ ತಟ್ಟೆ. ಕೈಯಲ್ಲಿ ಫೈಲು. ಗೇಟಿನ ಹತ್ತಿರ ಬಂದಾಗ ಹಿಂದಿನಿಂದ ಕೇಳಿಸಿತು, ಉಪ್ಪಿಟ್ಟಿನ ಸೌಟು ಸ್ಟೀಲಿಗೆ ತಗುಲಿದ ಸದ್ದು. ಲತಾಮಣಿ ಆಂಟಿಗೆ ಕೊನೆಗೂ ತಟ್ಟೆ ಸಿಕ್ಕಿತ್ತು.

ಸೋಮವಾರ ಹತ್ತಕ್ಕೆ ಐದು ನಿಮಿಷ ಮೊದಲೇ ಪದ್ಮನಾಭನಗರದಲ್ಲಿದ್ದೆ. ಈಗ ಮಕ್ಕಳು ನನ್ನನ್ನು ಅಂಕಮ್ಮ ಮಿಸ್ ಅನ್ನುತ್ತಾರೆ. ನಾನು ಊಟ ಮಾಡುವ ತಟ್ಟೆಯಲ್ಲಿ ಸತ್ಯಭಾಮಾ ಎಂದಿದೆ. ಮಧುಶ್ರೀ ಯಾರೇ ಅದು ಅಂತ ಕೇಳಿದಳು. ಅಮ್ಮನ ಥರ, ಅಂದೆ.

ಮೊನ್ನೆ ಬನಶಂಕರಿ ಬಸ್ ಸ್ಟ್ಯಾಂಡಿನಲ್ಲಿ ಲತಾಮಣಿ ಆಂಟಿ ಸಿಕ್ಕಿದರು. ಮನೆಯ ಸುದ್ದಿ ಕೇಳಿದೆ. ಹೊಸ ಕೆಲಸದವರು ಸಿಕ್ಕಿಲ್ಲ, ಪಾತ್ರೆ ಸಾರ್ ತೊಳೆಯುತ್ತಾರೆ, ಪ್ರಕೃತಿ ಭಾನುವಾರ ಬಂದು ಊಟ ಮಾಡಿ ಹೋಗುತ್ತಾಳೆ ಎಂದರು.

"ಆ ಸ್ಟ್ಯಾಂಡಿನ ತಟ್ಟೇಲೇ ಊಟನಾ ಆಂಟಿ?"

"ಮತ್ತಿನ್ಯಾವ್ದು? ದಿನಾ ಅದ್ರಲ್ಲೇ. ಅವತ್ತಿಂದ ಭಾಳ ಜ್ವಾಪಾನ ಸತ್ಯಾಗೆ, ಹನ್ನೊಂದನ್ನೂ ದಿನಾ ಎಣಿಸ್ತಾಳೆ."

ನಿಜ ಹೇಳಬೇಕೆಂದರೆ, ನನ್ನ ತಟ್ಟೆ ಯಾವುದೆಂದು ಅವತ್ತು ನನಗೂ ಗೊತ್ತಾಗಲಿಲ್ಲ. ಕೈಗೆ ಸಿಕ್ಕಿದ್ದನ್ನು ಎಳೆದೆ. ಅದು ಇಟ್ಟಮಡುವಿನಲ್ಲಿರುವ ಸಾಧ್ಯತೆ ಹನ್ನೆರಡರಲ್ಲಿ ಒಂದು ಪಾಲು. ಹನ್ನೊಂದು ಪಾಲು ಜಯನಗರದಲ್ಲಿದೆ.

"ಎಲ್ಲರೂ ಆರೋಗ್ಯವಾಗಿದ್ದಾರಾ ಆಂಟಿ?"

"ಹೂಂ, ಕಲ್ಲುಗುಂಡಿನ ಹಾಗಿದ್ದಾರೆ. ಯಾಕೆ?"

ಬಸ್ಸು ಬಂತು. ಹತ್ತುತ್ತಾ ಹೇಳಿದೆ.

"ಸುಮ್ನೆ ಆಂಟಿ. ಮಗಳ ಥರ ಕೇಳ್ದೆ."